ಲೆಕ್ಕಪತ್ರದ ಅಧಿಕಾರಿ ಸಿ.ವಿ. ರಾಮನ್

ಕಳೆದ ವರ್ಷ ಹಿರಿಯೂರಿನ ನಮ್ಮ ಮನೆಯಲ್ಲಿ ದಾದಿಯ ಬಾಯೊಳಗೆ ಬಿಳಿ ಪದರ ಕಟ್ಟಿ ಊಟವೇ ಸೇರದಂತಾಯಿತು. ಸಕ್ಕರೆ ಕಾಯಿಲೆ ಇರುವವರಿಗೆ ಯೀಸ್ಟ್ ಸೋಂಕು ಬೇಗ ತಗಲುತ್ತದೆ ಎಂದರು ಡಾಕ್ಟರ್. ಮೊದಲ ಮಾತ್ರೆ ನಾಟಲಿಲ್ಲ. ಅದು ಯಾವ ಜಾತಿಯ ಯೀಸ್ಟ್ ಎಂದು ತಿಳಿಯಲು ಮಾದರಿಯನ್ನು ಬೇರೆ ಊರಿಗೆ ಕಳಿಸಿ ದಿನಗಟ್ಟಲೆ ಕಾದೆವು. ಆ ದಿನಗಳಲ್ಲಿ ನಾನು ಓದಿದ್ದು ಸಿ.ವಿ. ರಾಮನ್ ಅವರ ಜೀವನ.

ಅವರು ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ಮದರಾಸಿನಲ್ಲಿ ಎಂ.ಎ. ಮುಗಿಸಿ 1907ರಲ್ಲಿ ಸರ್ಕಾರದ ಹಣಕಾಸು ಇಲಾಖೆ ಸೇರಿದರು. ಆಗ ವಯಸ್ಸು 18, ನನಗಿಂತ ಒಂದೇ ವರ್ಷ ಹೆಚ್ಚು. ಅಷ್ಟು ದೊಡ್ಡ ವಿಜ್ಞಾನಿ ಹತ್ತು ವರ್ಷ ಲೆಕ್ಕಪತ್ರದ ಅಧಿಕಾರಿಯಾಗಿದ್ದರು ಎಂಬುದು ಕಾಮರ್ಸ್ ಓದುವ ನನಗೆ ಆಶ್ಚರ್ಯ! ಕಲ್ಕತ್ತೆಯಲ್ಲಿ ಕಚೇರಿಗೆ ಮುಂಚೆ ಮತ್ತು ಕಚೇರಿ ಬಿಟ್ಟ ಮೇಲೆ ಬೌಬಜಾರ್ ಬೀದಿಯ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದರು. 1917ರಲ್ಲಿ ಆ ಕೆಲಸ ಬಿಟ್ಟು, ಕಡಿಮೆ ಸಂಬಳಕ್ಕೆ ಪ್ರಾಧ್ಯಾಪಕರಾದರು.

1928ರ ಫೆಬ್ರವರಿ 28ರಂದು ಕೆ.ಎಸ್. ಕೃಷ್ಣನ್ ಜೊತೆ ಒಂದು ಸಂಗತಿ ಕಂಡುಹಿಡಿದರು. ವಸ್ತುವಿಗೆ ತಾಗಿ ಚದುರಿದ ಬೆಳಕಿನಲ್ಲಿ ಅತ್ಯಲ್ಪ ಪಾಲು ಬಣ್ಣ ಬದಲಿಸುತ್ತದೆ. ಅದರಿಂದ ಅಣುಗಳ ಕಂಪನ ತಿಳಿಯುತ್ತದೆ. 1930ರಲ್ಲಿ ನೊಬೆಲ್ ಬಂತು.

ಇನ್‌ಫ್ರಾರೆಡ್ ವಿಧಾನ ಹುಡುಕುವುದೂ ಇಂಥ ಕಂಪನವನ್ನೇ. ಆದರೆ ಅದು ನೋಡುವುದು, ವಸ್ತು ಯಾವ ಯಾವ ಕಿರಣವನ್ನು ಹೀರಿಕೊಂಡಿತು ಎಂದು. ಒಂದೊಂದು ಜಾತಿಯ ಯೀಸ್ಟಿನಲ್ಲಿ ಸಕ್ಕರೆ, ಪ್ರೋಟೀನ್, ಕೊಬ್ಬಿನ ಪ್ರಮಾಣ ಬೇರೆ ಬೇರೆ. ಹಾಗಾಗಿ ಮೂಡುವ ಗೆರೆಯೂ ಬೇರೆ. ಬೆಳೆಸಿದ ಯೀಸ್ಟನ್ನು ಒಣಗಿಸಿ, ಅದರ ಗೆರೆಯನ್ನು ಮೊದಲೇ ಗೊತ್ತಿರುವ ಗೆರೆಗಳ ಜೊತೆ ತಾಳೆ ನೋಡುತ್ತಾರೆ. ನಾವು ಕ್ಯಾಶ್ ಬುಕ್ಕನ್ನು ಪಾಸ್ ಬುಕ್ಕಿನ ಜೊತೆ ತಾಳೆ ನೋಡುವುದಿಲ್ಲವೇ, ಹಾಗೆ. ಸಂಗ್ರಹದಲ್ಲಿ ಇಲ್ಲದ ಜಾತಿಯಾದರೆ ಹೆಸರು ಸಿಗುವುದಿಲ್ಲ. ಮನುಷ್ಯರ ಬಾಯಿಹುಣ್ಣಿನ ಕ್ಯಾಂಡಿಡಾ ಆಗಲಿ, ಹಸುವಿನ ಕೆಚ್ಚಲು ಬಾವಿನ ಯೀಸ್ಟ್ ಆಗಲಿ, ಪರೀಕ್ಷೆ ಒಂದೇ. ಜಾತಿ ತಿಳಿಯುವುದು ಮುಖ್ಯ, ಏಕೆಂದರೆ ಕ್ಯಾಂಡಿಡಾ ಕ್ರೂಸಿಯಂಥ ಜಾತಿಗೆ ಸಾಮಾನ್ಯವಾಗಿ ಕೊಡುವ ಫ್ಲುಕೊನಜೋಲ್ ನಾಟುವುದೇ ಇಲ್ಲ.

ರಾಮನ್ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. 1948ರಲ್ಲಿ ಅಲ್ಲೇ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಅವರು ನಿರ್ದೇಶಕರಾಗಿದ್ದ ಸಂಸ್ಥೆಯ ಇನ್ನೊಂದು ಕ್ಯಾಂಪಸ್ ಈಗ ನಮ್ಮ ಜಿಲ್ಲೆಯಲ್ಲೇ, ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ.

ವರದಿ ಬಂದು ಔಷಧಿ ಬದಲಾಯಿತು. ದಾದಿ ಈಗ ರೊಟ್ಟಿ ತಿನ್ನುತ್ತಾರೆ. ಕಾಮರ್ಸ್ ಓದುವವನಿಗೆ ಇದೆಲ್ಲ ಯಾಕೆ ಎಂದು ಗೆಳೆಯರು ಕೇಳುತ್ತಾರೆ. ಅವರಿಗೆ ನಾನು ಬೌಬಜಾರ್ ಬೀದಿಯ ಕಥೆ ಹೇಳುತ್ತೇನೆ. ಕಾಲೇಜು ಬಿಟ್ಟ ಮೇಲೆ ಲೈಬ್ರರಿಯ ವಿಜ್ಞಾನದ ಕಪಾಟಿನ ಹತ್ತಿರ ಹೋಗುವುದನ್ನೂ ರೂಢಿ ಮಾಡಿಕೊಂಡಿದ್ದೇನೆ.