‘ಎಂದನು’ ಎಂಬ ಪದದ ಹೊಣೆ: ಎಂ.ಎಸ್. ಪುಟ್ಟಣ್ಣನವರ ಬದುಕು ಮತ್ತು ಬರಹ

ಹೊಸಗನ್ನಡ ಕಾದಂಬರಿಯ ಆರಂಭಕಾಲದ ಚರ್ಚೆಯಲ್ಲಿ ಎಂ.ಎಸ್. ಪುಟ್ಟಣ್ಣನವರ ಹೆಸರು ತಪ್ಪದೆ ಬರುತ್ತದೆ. ಅವರ ಪಾತ್ರಗಳ ಸಹಜವಾದ ಮಾತುಗಾರಿಕೆಯನ್ನು ವಿಮರ್ಶೆ ಮೆಚ್ಚಿಕೊಂಡಿದೆ. ಆದರೆ ಆ ಮಾತನ್ನು ನಿರೂಪಣೆಗೆ ಬೆಸೆಯುವ ಕ್ರಿಯಾಪದಗಳನ್ನು ಗಮನಿಸಿದ್ದು ಕಡಿಮೆ. ಅವರ ಬದುಕಿನ ಹಿನ್ನೆಲೆಯಲ್ಲಿ ನೋಡಿದರೆ ಇದು ಕೇವಲ ವ್ಯಾಕರಣದ ವಿಷಯವಲ್ಲ.

1854ರಲ್ಲಿ ಮೈಸೂರಿನಲ್ಲಿ ಜನಿಸಿದ ಮೈಸೂರು ಸೂರ್ಯನಾರಾಯಣಭಟ್ಟ ಪುಟ್ಟಣ್ಣನವರ ಬಾಲ್ಯವು ಮುಮ್ಮಡಿ ಕೃಷ್ಣರಾಜ ಒಡೆಯರ ಕೊನೆಯ ವರ್ಷಗಳಲ್ಲಿ ಕಳೆಯಿತು. 1831ರಿಂದಲೇ ಆಡಳಿತ ಬ್ರಿಟಿಷ್ ಕಮಿಷನರರ ಕೈಸೇರಿದ್ದರೂ ಅರಮನೆಯ ನಡೆನುಡಿ ಉಳಿದಿತ್ತು. ಆ ನುಡಿಯಲ್ಲಿ ಪ್ರಜೆ ‘ಬಿನ್ನವಿಸುತ್ತಾನೆ’, ದೊರೆ ‘ಅಪ್ಪಣೆ ಕೊಡಿಸುತ್ತಾನೆ’. ಇಬ್ಬರೂ ಬರಿದೆ ‘ಹೇಳುವುದಿಲ್ಲ’. 1868ರಲ್ಲಿ ದೊರೆ ತೀರಿಕೊಂಡಾಗ ಪುಟ್ಟಣ್ಣನವರು ಇನ್ನೂ ಹುಡುಗರು. ಮುಂದೆ ಅವರ ಪ್ರಸಿದ್ಧ ಕಾದಂಬರಿ ಇದೇ ಕಾಲವನ್ನು ಆರಿಸಿಕೊಂಡಿತು.

ಬಿ.ಎ. ಪದವೀಧರರಾದ ಅವರು ಕೋಲಾರದಲ್ಲಿ ಉಪಾಧ್ಯಾಯರಾಗಿ, ಮೈಸೂರು ಸಂಸ್ಥಾನದ ಚೀಫ್ ಕೋರ್ಟಿನಲ್ಲಿ ಭಾಷಾಂತರಕಾರರಾಗಿ, ಬಳಿಕ ಅಮಲ್ದಾರರಾಗಿ ಕೆಲಸ ಮಾಡಿದರು. ನ್ಯಾಯಾಲಯದಲ್ಲಿ ಸಾಕ್ಷಿಯು ತಾನೇ ಆಡಿದ ಮಾತಿಗೂ ಇನ್ನೊಬ್ಬರು ಆಡಿದರೆಂದು ಕೇಳಿದ ಮಾತಿಗೂ ಇರುವ ಅಂತರದಿಂದ ಆಸ್ತಿಯೂ ಹೋಗಬಹುದು, ಜೀವವೂ ಹೋಗಬಹುದು. ಅಮಲ್ದಾರನ ಕಚೇರಿಯಲ್ಲಿ ರೈತನೂ ಶಾನುಭೋಗನೂ ವಿಧವೆಯೂ ಬೇರೆಬೇರೆ ಕನ್ನಡದಲ್ಲಿ ಅಹವಾಲು ಹೇಳಿಕೊಳ್ಳುತ್ತಾರೆ. ದಫ್ತರಕ್ಕೆ ಏರುವಾಗ ಆ ಕನ್ನಡಗಳೆಲ್ಲ ಒಂದೇ ಆಗಿಬಿಡುತ್ತವೆ. ಪುಟ್ಟಣ್ಣನವರ ಕಥನವು ಈ ನಷ್ಟಕ್ಕೆ ಪ್ರತಿಯಾಗಿ ಬೆಳೆಯಿತೆಂದು ಊಹಿಸಲು ಅವಕಾಶವಿದೆ.

1910ರಲ್ಲಿ ಪ್ರಕಟವಾದ ‘ಕುಣಿಗಲ ರಾಮಶಾಸ್ತ್ರಿಗಳ ಚರಿತ್ರೆ’ಯು ಹೊಸಗನ್ನಡ ಜೀವನಚರಿತ್ರೆಯ ಮೊದಲ ಕೃತಿಗಳಲ್ಲಿ ಒಂದು. ರಾಮಶಾಸ್ತ್ರಿಗಳು ತರ್ಕಪಂಡಿತರು. ವಾಕ್ಯಾರ್ಥದಲ್ಲಿ ಪೂರ್ವಪಕ್ಷ ಯಾರದು, ಸಿದ್ಧಾಂತ ಯಾರದು ಎಂಬುದು ಗೊಂದಲವಾದರೆ ವಾದವೇ ಬೀಳುತ್ತದೆ. ಅದಕ್ಕೆಂದೇ ಶಾಸ್ತ್ರಗ್ರಂಥಗಳಲ್ಲಿ ಎದುರಾಳಿಯ ಮಾತನ್ನು ‘ಇತಿ’ ಎಂದು ಮುಗಿಸಿ ಆಮೇಲೆ ಖಂಡಿಸುವ ಕ್ರಮವಿದೆ. ಕನ್ನಡದ ‘ಎಂದು’ ಮಾಡುವುದೂ ಇದೇ ಕೆಲಸವನ್ನೇ. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಿಂದ ಕುಣಿಗಲ್‌ವರೆಗಿನ ಹಳ್ಳಿಗಳ ಆಡುನುಡಿಯಲ್ಲಿ ಅದು ‘ಅಂತ’, ‘ಅಂದ’, ‘ಅಂತಾವ್ನೆ’ ಎಂದಾಗುತ್ತದೆ. ಗ್ರಂಥಸ್ಥ ರೂಪಕ್ಕೂ ಈ ರೂಪಕ್ಕೂ ನಡುವೆ ಲೇಖಕನು ಒಂದನ್ನು ಆರಿಸಲೇಬೇಕು.

1915ರ ‘ಮಾಡಿದ್ದುಣ್ಣೋ ಮಹಾರಾಯ’ದಲ್ಲಿ ಪಾತ್ರಗಳು ಮನೆಮಾತಿನಲ್ಲಿ, ಗಾದೆಗಳ ನಡುವೆ ಮಾತನಾಡುತ್ತವೆ, ನಿರೂಪಕನದು ಶಿಷ್ಟ ಗದ್ಯ. ಇವೆರಡರ ಹೊಲಿಗೆ ಕಾಣುವುದು ಮಾತು ಮುಗಿದು ನಿರೂಪಣೆ ತೊಡಗುವ ಜಾಗದಲ್ಲಿ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ, ಮಾತು ಉದ್ದವಾದಷ್ಟೂ ಆಡಿದವರು ಯಾರೆಂಬುದು ಓದುಗನಿಗೆ ಮರೆಯಾಗುತ್ತದೆ. ಆ ಕಾಲದ ಹಲವು ಕಥೆಗಾರರು ನಾಟಕದಂತೆ ಹೆಸರನ್ನು ಮುಂದಿಟ್ಟು ಗೆರೆಯೆಳೆದು ಈ ತೊಡಕನ್ನು ದಾಟಿದರು. ಅದರಿಂದ ಸ್ಪಷ್ಟತೆ ದೊರೆಯಿತು, ನಿಜ. ಆದರೆ ‘ಗದರಿದನು’, ‘ಮೂದಲಿಸಿದಳು’, ‘ಗೊಣಗಿದರು’ ಎಂಬವು ಕೊಡುವ ದನಿ ಹೋಯಿತು. ಇನ್ನೊಂದೆಡೆ ಇಂತಹ ಕ್ರಿಯಾಪದಗಳು ಹೆಚ್ಚಾದರೆ ಪಾತ್ರದ ಮಾತಿಗೆ ಮೊದಲೇ ತೀರ್ಪು ಕೊಟ್ಟಂತೆ. ಮಾತೇ ಮೂದಲಿಸುತ್ತಿದ್ದರೆ ‘ಎಂದಳು’ ಸಾಕು. ಅದರಲ್ಲೂ ‘ಎಂದನು’, ‘ಎಂದಳು’, ‘ಎಂದರು’ ಎಂಬ ಪ್ರತ್ಯಯಗಳು ಲಿಂಗವನ್ನಷ್ಟೇ ಅಲ್ಲ, ನಿರೂಪಕನು ಯಾರಿಗೆ ಗೌರವ ಸಲ್ಲಿಸುತ್ತಾನೆಂಬುದನ್ನೂ ಬಯಲು ಮಾಡುತ್ತವೆ. ಆಳಿಗೆ ಏಕವಚನ, ಒಡೆಯನಿಗೆ ಬಹುವಚನ ಬಳಸಿದ ಕೂಡಲೇ ನಿರೂಪಕನು ಆ ಸಮಾಜದ ಒಳಗೇ ನಿಂತಿರುತ್ತಾನೆ. ಇಂಗ್ಲಿಷ್ ಕಾದಂಬರಿಕಾರನಿಗೆ ಈ ಇಕ್ಕಟ್ಟು ಇಲ್ಲ.

ಅದೇ 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾಯಿತು. ಗ್ರಂಥಭಾಷೆ ಹೇಗಿರಬೇಕೆಂಬ ಪ್ರಶ್ನೆ ವಿದ್ವಾಂಸರನ್ನು ಕಾಡುತ್ತಿದ್ದ ದಿನಗಳವು. ಅಡುಗೆಮನೆಯ ಕನ್ನಡವನ್ನು ಅಚ್ಚಿಗೆ ತಂದ ನಿವೃತ್ತ ಅಮಲ್ದಾರರ ಧೈರ್ಯವನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕಾಗುತ್ತದೆ. ಚಿತ್ರದುರ್ಗದ ಪಾಳೆಯಗಾರರ ಚರಿತ್ರೆಯನ್ನೂ ಅವರು ಬರೆದರು. 1928ರಲ್ಲಿ ‘ಮುಸುಕು ತೆಗೆಯೇ ಮಾಯಾಂಗನೆ’ ಹೊರಬಂದಿತು. 1930ರಲ್ಲಿ ಪುಟ್ಟಣ್ಣನವರು ನಿಧನರಾದಾಗ ಅವರ ಮತ್ತೊಂದು ಕಾದಂಬರಿ ‘ಅವರಿಲ್ಲದೂಟ’ ಇನ್ನೂ ಅಚ್ಚಾಗಿರಲಿಲ್ಲ.