ಪತ್ರಗಳಲ್ಲಿ ಟಿಪ್ಪು ಸುಲ್ತಾನ: ಶೃಂಗೇರಿಯ ಕಡತ ಮತ್ತು ಅರಮನೆಯ ದಫ್ತರ

ಟಿಪ್ಪು ಸುಲ್ತಾನನನ್ನು ಕುರಿತು ಕನ್ನಡದಲ್ಲಿ ಲಾವಣಿಗಳಿವೆ, ನಾಟಕಗಳಿವೆ, ಚರಿತ್ರೆಯ ಗ್ರಂಥಗಳಿವೆ. 2015ರಿಂದ ಈಚೆಗೆ ಜಯಂತಿಯ ಪರ-ವಿರೋಧದ ಬರಹಗಳ ರಾಶಿಯೂ ಇವುಗಳೊಡನೆ ಸೇರಿಕೊಂಡಿದೆ. ಇವುಗಳಲ್ಲಿ ಬಹುಪಾಲು ಬರಹಗಳು ಟಿಪ್ಪುವನ್ನು ಯುದ್ಧಗಳ ಮೂಲಕ, ಇಲ್ಲವೇ ಅವನ ಶತ್ರುಗಳು ಬರೆದಿಟ್ಟ ವರ್ಣನೆಗಳ ಮೂಲಕ ನೋಡುತ್ತವೆ. ಅವನು ಬರೆಯಿಸಿದ ಪತ್ರಗಳನ್ನು ಹೆಸರಿಸದವರು ಕಡಿಮೆ. ಆದರೆ ಹೀಗೆ ಹೆಸರಿಸುವಾಗ ಒಂದೊಂದು ಪಕ್ಷವೂ ತನಗೆ ಬೇಕಾದ ಒಂದೆರಡು ಪತ್ರಗಳನ್ನು ಮಾತ್ರ ಎತ್ತಿಕೊಳ್ಳುವುದು ರೂಢಿಯಾಗಿದೆ. ಪ್ರಸ್ತುತ ಲೇಖನವು ಅವನ ಬದುಕಿನ ಕೆಲವು ಘಟ್ಟಗಳನ್ನು ಈ ಪತ್ರಗಳನ್ನು ಒಟ್ಟಿಗೆ ಇಟ್ಟು ಓದಲು ಯತ್ನಿಸುತ್ತದೆ.

ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ. ತಂದೆ ಹೈದರಾಲಿಯ ದಂಡಿನ ಜೊತೆಯಲ್ಲಿಯೇ ಬೆಳೆದವನು. 1780ರಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಸೈನ್ಯ ನಾಶವಾದಾಗ ಆ ಯುದ್ಧದ ಮುಂಚೂಣಿಯಲ್ಲಿದ್ದನು. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡಾಗ ಅವನು ಮಲಬಾರಿನ ದಂಡಯಾತ್ರೆಯಲ್ಲಿದ್ದನು. 1784ರ ಮಂಗಳೂರು ಒಪ್ಪಂದದಿಂದ ಎರಡನೆಯ ಮೈಸೂರು ಯುದ್ಧ ಮುಗಿಯಿತು. ಪತ್ರಗಳ ಮಟ್ಟಿಗೆ ಹೇಳುವುದಾದರೆ ಟಿಪ್ಪು ನಮಗೆ ಸ್ಪಷ್ಟವಾಗಿ ಕಾಣತೊಡಗುವುದು ಇದರ ಮರುವರ್ಷದಿಂದ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ಕಾಗದಪತ್ರಗಳು ಇಂಗ್ಲಿಷರ ವಶವಾದವು. ಅವುಗಳಲ್ಲಿ ದೊರೆತ ಪರ್ಷಿಯನ್ ಪತ್ರಗಳಿಂದ ಆಯ್ದ ಒಂದು ಸಂಪುಟವನ್ನು ವಿಲಿಯಂ ಕರ್ಕ್‌ಪ್ಯಾಟ್ರಿಕ್ ಇಂಗ್ಲಿಷಿಗೆ ಅನುವಾದಿಸಿ 1811ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಬಹುಪಾಲು 1785ರಿಂದ 1787ರವರೆಗಿನ ಪತ್ರಗಳು. ಅನುವಾದಕನ ಸ್ಥಾನವನ್ನು ಇಲ್ಲಿ ಮರೆಯುವಂತಿಲ್ಲ. ಟಿಪ್ಪುವಿನ ಪತನಾನಂತರ ಮೈಸೂರು ರಾಜ್ಯವನ್ನು ಹಂಚಿದ ಆಯೋಗದ ಐವರು ಸದಸ್ಯರಲ್ಲಿ ಅವನೂ ಒಬ್ಬ. ಸುಲ್ತಾನನನ್ನು ಕ್ರೂರಿಯೆಂದೂ ಮತಾಂಧನೆಂದೂ ತೋರಿಸುವುದು ಆಯ್ಕೆಯ ಹಿಂದಿನ ಉದ್ದೇಶವೆಂಬುದನ್ನು ಅವನು ಮುಚ್ಚಿಡುವುದೂ ಇಲ್ಲ. ಪತ್ರಪತ್ರಕ್ಕೂ ಟಿಪ್ಪಣಿ ಬರೆದು ಓದುಗನ ಕೈಹಿಡಿದು ನಡೆಸುತ್ತಾನೆ. ಆದರೂ ಪತ್ರಗಳು ಟಿಪ್ಪಣಿಯ ಹಿಡಿತವನ್ನು ಮೀರುತ್ತವೆ ಎಂಬುದು ಈ ಸಂಪುಟದ ವಿಶೇಷ.

1785ರಲ್ಲಿ ನರಗುಂದದ ಮುತ್ತಿಗೆ ನಡೆದಾಗ ಸುಲ್ತಾನನು ಶ್ರೀರಂಗಪಟ್ಟಣದ ಕಡೆಯಿಂದಲೇ ಭಾವಮೈದುನ ಬುರ್ಹಾನುದ್ದೀನನಿಗೆ ಪತ್ರದ ಮೇಲೆ ಪತ್ರ ಕಳುಹಿಸುತ್ತಾನೆ. ಮುತ್ತಿಗೆ ಹೇಗೆ ಸಾಗಬೇಕೆಂಬ ಸೂಚನೆಗಳ ನಡುವೆ, ಬುರ್ಹಾನುದ್ದೀನ ಮತ್ತು ಕಮರುದ್ದೀನ ಎಂಬ ಇಬ್ಬರು ಸರದಾರರ ನಡುವಣ ಮನಸ್ತಾಪವನ್ನು ತಣಿಸುವ ಪ್ರಯತ್ನವೂ ಇದೆ. ಇಲ್ಲಿ ಕಾಣುವವನು ಕುದುರೆಯ ಮೇಲಿನ ವೀರನಲ್ಲ. ಇನ್ನೊಬ್ಬರ ಕೈಗೆ ಕೆಲಸ ಒಪ್ಪಿಸಿಯೂ ಒಪ್ಪಿಸಲಾರದ, ನೂರಾರು ಮೈಲಿ ದೂರದಿಂದ ಕಂದಕದ ಅಗೆತವನ್ನೂ ತಾನೇ ನಡೆಸಬೇಕೆನ್ನುವ ಆಡಳಿತಗಾರ. ದಂಡಿಗೆ ಸಂಬಂಧವೇ ಇಲ್ಲದ ಪತ್ರಗಳಲ್ಲಿಯೂ ಇದೇ ಸ್ವಭಾವ. ಮಸ್ಕತ್ತಿನ ಕೋಠಿಯ ಅಧಿಕಾರಿ ಮೀರ್ ಕಾಜಿಮನಿಗೆ ಗಂಧ, ಮೆಣಸು, ಅಕ್ಕಿಗಳ ಮಾರಾಟದ ನಿರ್ದೇಶನಗಳು ಹೋಗುತ್ತವೆ. ಮಲೆನಾಡಿನ ಓದುಗರಿಗೆ ಈ ಸರಕಿನ ಪಟ್ಟಿಯಲ್ಲಿ ತಮ್ಮ ಕಾಡು-ತೋಟಗಳು ಕಂಡರೆ ಆಶ್ಚರ್ಯವಿಲ್ಲ. 1786ರ ಸೆಪ್ಟೆಂಬರಿನಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದ ಪತ್ರವೊಂದು ಬಂಗಾಳದಿಂದ ರೇಷ್ಮೆಹುಳು ತರಲು ಹೋಗಿ ಮರಳುತ್ತಿರುವ ಇಬ್ಬರನ್ನು ಕುರಿತದ್ದು. ಅವರಲ್ಲೊಬ್ಬನ ಹೆಸರು ಕಸ್ತೂರಿ ರಂಗ. ಆಗ ಮರಾಠರು ಮತ್ತು ನಿಜಾಮನೊಡನೆ ಯುದ್ಧ ನಡೆದಿತ್ತು. ಯುದ್ಧದ ನಡುವೆ ಹುಳುಗಳನ್ನು ಎಲ್ಲಿಡಬೇಕು, ಹೇಗೆ ಸಾಕಬೇಕು ಎಂದು ವಿಚಾರಿಸುವ ಈ ಮನಸ್ಸನ್ನು ಲಾವಣಿಗಳಾಗಲಿ ವಿರೋಧಿಗಳ ಬರಹಗಳಾಗಲಿ ಬಲ್ಲವೆಂದು ತೋರುವುದಿಲ್ಲ.

ಅದೇ ಸಂಪುಟದಲ್ಲಿ ಕೊಡಗಿನ ಪತ್ರಗಳೂ ಇವೆ. ಕರ್ನೂಲಿನ ರಣಮಸ್ತ್ ಖಾನನಿಗೆ ಬರೆದ ಪತ್ರದಲ್ಲಿ ಟಿಪ್ಪು 40,000 ಕೊಡವರನ್ನು ಸೆರೆಹಿಡಿದು ಮತಾಂತರಗೊಳಿಸಿದ್ದನ್ನು ಹೆಮ್ಮೆಯಿಂದ ತಿಳಿಸುತ್ತಾನೆ. ಈ ಸಂಖ್ಯೆಯನ್ನು ಇತಿಹಾಸಕಾರರು ಪ್ರಶ್ನಿಸಿದ್ದಾರೆ. ಮಿತ್ರನೆದುರು ವಿಜಯವನ್ನು ಹಿಗ್ಗಿಸಿ ಹೇಳುವುದು ಆ ಕಾಲದ ಪತ್ರಗಳಲ್ಲಿ ಅಸಾಮಾನ್ಯವೂ ಅಲ್ಲ. ಆದರೆ ಸಂಖ್ಯೆಯನ್ನು ಇಳಿಸಿದ ಮಾತ್ರಕ್ಕೆ ಆ ಹೆಮ್ಮೆ ಇಳಿಯುವುದಿಲ್ಲ. ಹೀಗೆಂದು ತಿಳಿದರೆ ಮೆಚ್ಚುಗೆಯಾಗುತ್ತದೆ ಎಂದು ಬರೆದವನು ಭಾವಿಸಿದ್ದನೆಂಬುದೇ ಇಲ್ಲಿ ಸಾಕ್ಷ್ಯ. ಟಿಪ್ಪುವನ್ನು ಸಮರ್ಥಿಸುವ ಕನ್ನಡ ಬರಹಗಳು ಈ ಪತ್ರವನ್ನು ಅನುವಾದಕನ ಪೂರ್ವಗ್ರಹದ ಹೆಸರಿನಲ್ಲಿ ಬದಿಗೆ ಸರಿಸುವುದು ಸಮರ್ಪಕವೆನಿಸದು. ರೇಷ್ಮೆಯ ಪತ್ರವನ್ನು ನಂಬಿದವರು ಇದನ್ನೂ ಎದುರಿಸಬೇಕಾಗುತ್ತದೆ.

ಶೃಂಗೇರಿಯ ಪತ್ರಗಳದು ಬೇರೆಯೇ ಚರಿತ್ರೆ. ಅವು ಅರಮನೆಯಲ್ಲಿ ಉಳಿದ ನಕಲುಗಳಲ್ಲ, ಮಠಕ್ಕೆ ತಲಪಿದ ಕನ್ನಡ ಪತ್ರಗಳು. 1916ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು ಅವನ್ನು ಬೆಳಕಿಗೆ ತಂದರು. ಮುಂದೆ ಎ.ಕೆ. ಶಾಸ್ತ್ರಿಯವರು ಮಠದ ಕಡತಗಳ ವಿಸ್ತಾರವಾದ ಅಧ್ಯಯನ ನಡೆಸಿದರು. ಈ ಪತ್ರಗಳ ಮುಖ್ಯ ಹಿನ್ನೆಲೆ 1791. ಆ ವರ್ಷದ ಮಾರ್ಚಿನಲ್ಲಿ ಕಾರ್ನ್‌ವಾಲಿಸನು ಬೆಂಗಳೂರನ್ನು ಹಿಡಿದನು. ಪಟವರ್ಧನರ ಮರಾಠಾ ಸೈನ್ಯದೊಡನೆ ಬಂದವರು ಶೃಂಗೇರಿಯನ್ನು ಸೂರೆಮಾಡಿದರು. ಶಾರದೆಯ ವಿಗ್ರಹ ಸ್ಥಾನಪಲ್ಲಟವಾಯಿತು. ಪೀಠದಲ್ಲಿದ್ದ ಮೂರನೆಯ ಸಚ್ಚಿದಾನಂದ ಭಾರತಿಗಳು ಘಟ್ಟದ ಕೆಳಗಿನ ಕಾರ್ಕಳಕ್ಕೆ ತೆರಳಬೇಕಾಯಿತು. ಕಳಸ-ಕಾರ್ಕಳಗಳು ಭೈರರಸರ ಕಾಲದಿಂದಲೇ ಒಂದೇ ಆಡಳಿತದ ಮೇಲುಘಟ್ಟ-ಕೆಳಘಟ್ಟಗಳು. ಶೃಂಗೇರಿ, ಕಳಸ, ಸಂಸೆ, ಕುದುರೆಮುಖಗಳ ಈ ಬೆಟ್ಟಸಾಲಿನಲ್ಲಿ ಘಟ್ಟವಿಳಿದು ಆಶ್ರಯ ಪಡೆಯುವುದು ಹೊಸ ಸಂಗತಿಯೇನಲ್ಲ. ಹೊಸದೆಂದರೆ ಗುರುಗಳು ಅಲ್ಲಿಂದ ದೂರು ಬರೆದದ್ದು ಟಿಪ್ಪುವಿಗೆ ಎಂಬುದು.

ಉತ್ತರದಲ್ಲಿ ಟಿಪ್ಪು ಸೂರೆಗಾರರ ಮೇಲೆ ಕ್ರೋಧ ತೋರುತ್ತಾನೆ. ನಗುತ್ತ ಮಾಡಿದ ಪಾಪವನ್ನು ಅಳುತ್ತ ಉಣ್ಣಬೇಕಾಗುತ್ತದೆಂಬ ಅರ್ಥದ ಸಂಸ್ಕೃತ ಸೂಕ್ತಿಯೊಂದೂ ಅದರಲ್ಲಿ ಬರುತ್ತದೆ. ಶಾರದೆಯ ಪುನಃಪ್ರತಿಷ್ಠೆಗೆ 200 ರಹತಿ ನಗದನ್ನೂ 200 ರಹತಿ ಬೆಲೆಯ ಧಾನ್ಯವನ್ನೂ ಕೊಡುವಂತೆ ನಗರದ ಅಸಫನಿಗೆ ಅಪ್ಪಣೆಯಾಗುತ್ತದೆ. ಶತ್ರುನಾಶಕ್ಕಾಗಿ ಶತಚಂಡಿ, ಸಹಸ್ರಚಂಡಿ ಜಪಗಳನ್ನು ನಡೆಸಬೇಕೆಂಬ ಕೋರಿಕೆಯೂ ಇದೆ. ಈ ಸಂಸ್ಕೃತ ಸೂಕ್ತಿ ಯಾರದು? ದಫ್ತರದ ಬ್ರಾಹ್ಮಣ ಲಿಪಿಕಾರನದೇ ಇರಬಹುದು. ಜಗದ್ಗುರು ಎಂಬ ಸಂಬೋಧನೆಯೂ ಪತ್ರವ್ಯವಹಾರದ ಕಟ್ಟುಪಾಡಿಗೆ ಸೇರಿದ್ದು. ಕನ್ನಡ ವಿದ್ಯಾರ್ಥಿಗಳಾದ ನಾವು ಈ ಸಂದೇಹವನ್ನು ಎತ್ತಲೇಬೇಕು. ಆದರೆ ಇದೇ ಅಳತೆಗೋಲು ಪರ್ಷಿಯನ್ ಪತ್ರಗಳ ಮತೀಯ ಪದಗಟ್ಟುಗಳಿಗೂ ಅನ್ವಯಿಸುತ್ತದೆ. ಅವುಗಳ ಹಿಂದೆಯೂ ಮುನ್ಷಿಗಳ ಲೇಖನಿ ಇದೆ. ಒಂದನ್ನು ರಾಜಕೀಯ ತಂತ್ರವೆಂದು ತಳ್ಳಿ ಇನ್ನೊಂದನ್ನು ಅಂತರಂಗವೆಂದು ಹಿಡಿಯುವುದು ಆಕರ ವಿಮರ್ಶೆಯಾಗಲಾರದು.

ಮುನ್ಷಿಯ ಕೈ ಇಲ್ಲದ ಬರಹವೊಂದೇ ಉಳಿದಿದೆ. ಟಿಪ್ಪು ಸ್ವಹಸ್ತದಲ್ಲಿ ಬರೆದ 37 ಕನಸುಗಳ ಪುಸ್ತಕ. ಅರಮನೆಯಲ್ಲಿ ದೊರೆತ ಅದನ್ನು ಅಲೆಕ್ಸಾಂಡರ್ ಬೀಟ್ಸನ್ 1800ರಲ್ಲಿ ಕಂಪನಿಯ ನಿರ್ದೇಶಕರಿಗೆ ಒಪ್ಪಿಸಿದನು. ಗಿರೀಶ ಕಾರ್ನಾಡರ ‘ಟಿಪೂ ಸುಲ್ತಾನ ಕಂಡ ಕನಸು’ ನಾಟಕದ ಮೂಲಕ ಕನ್ನಡಿಗರಿಗೆ ಪರಿಚಿತವಾಗಿದೆ. ಹೆಚ್ಚಿನ ಕನಸುಗಳು ಯುದ್ಧದವು, ಶತ್ರುವಿನವು. ಒಂದರಲ್ಲಿ ಮಾತ್ರ ಹಿಂಭಾಗ ಜೀರ್ಣವಾದ ದೊಡ್ಡ ದೇವಾಲಯವೊಂದು ಕಾಣಿಸುತ್ತದೆ. ವಿಗ್ರಹಗಳ ಕಣ್ಣುಗಳು ಚಲಿಸುತ್ತವೆ. ಕೊನೆಯ ಸಾಲಿನ ಎರಡು ಸ್ತ್ರೀ ವಿಗ್ರಹಗಳಲ್ಲೊಂದು ತಾವು ದೇವರ ಪ್ರಾರ್ಥನೆಯಲ್ಲಿರುವುದಾಗಿ ಹೇಳುತ್ತದೆ. ಟಿಪ್ಪು ಅದಕ್ಕೆ ಒಪ್ಪಿ ಕಟ್ಟಡವನ್ನು ದುರಸ್ತಿ ಮಾಡಲು ಜನರಿಗೆ ಹೇಳುತ್ತಾನೆ. ಅವನು ಇದಕ್ಕೆ ಫಲ ಬರೆದಿಲ್ಲ. ಯಾರಿಗೂ ತೋರಿಸದ ಪುಸ್ತಕದಲ್ಲಿ ಯಾರನ್ನು ಓಲೈಸುವ ಅಗತ್ಯವಿತ್ತು ಎಂಬ ಪ್ರಶ್ನೆಯಂತೂ ಉಳಿಯುತ್ತದೆ.

1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟನು. 3 ಕೋಟಿ 30 ಲಕ್ಷ ರೂಪಾಯಿ ತೆರಬೇಕಾಯಿತು. ಇಬ್ಬರು ಮಕ್ಕಳು ಒತ್ತೆಯಾಗಿ ಹೋದರು, 1794ರಲ್ಲಿ ಮರಳಿದರು. ಮಕ್ಕಳು ಮದರಾಸಿನಲ್ಲಿದ್ದ ಆ ನಡುವಣ 1793ರಲ್ಲಿ ಅವನು ಶೃಂಗೇರಿಯ ಗುರುಗಳಿಗೆ ಮತ್ತೊಂದು ಪತ್ರ ಕಳುಹಿಸುತ್ತಾನೆ. ಗುರುಗಳು ಆಗ ಪರರಾಜ್ಯದಲ್ಲಿದ್ದರು. ಅವರಂಥವರು ನೆಲೆಸಿದ ನಾಡಿನಲ್ಲಿ ಮಳೆ ಬೆಳೆ ಚೆನ್ನಾಗಿ ಆಗುತ್ತದೆಂದೂ ಇಷ್ಟು ಕಾಲ ಹೊರನಾಡಿನಲ್ಲಿರುವುದೇಕೆಂದೂ ಕೇಳಿ, ಕಾರ್ಯ ಮುಗಿಸಿಕೊಂಡು ಬೇಗ ಹಿಂದಿರುಗುವಂತೆ ಬಿನ್ನವಿಸುತ್ತಾನೆ. ಇದು ಮಠಕ್ಕೆ ತಲಪಿ ಅಲ್ಲಿಯೇ ಉಳಿಯಿತು. ಆದ್ದರಿಂದ ಆರು ವರ್ಷಗಳ ಅನಂತರ ಶ್ರೀರಂಗಪಟ್ಟಣದ ಅರಮನೆಯಲ್ಲಿ ಕಾಗದಗಳನ್ನು ಹುಡುಕಿದವರ ಕೈಗೆ ಸಿಗಲಿಲ್ಲ.