ಬೆಳಕು ತಂದರು, ನೋಡಲು ಉಳಿಯಲಿಲ್ಲ: ದಿವಾನ್ ಶೇಷಾದ್ರಿ ಅಯ್ಯರ್

1902ರ ಜೂನ್ 30. ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಇದಕ್ಕೆ ಪಟ್ಟು ಹಿಡಿದು ದುಡಿದ ಸರ್ ಕೆ. ಶೇಷಾದ್ರಿ ಅಯ್ಯರ್ ಮಾತ್ರ ಅದನ್ನು ನೋಡಲು ಇರಲಿಲ್ಲ. ಒಂಬತ್ತು ತಿಂಗಳ ಹಿಂದೆ, 1901ರ ಸೆಪ್ಟೆಂಬರ್ 13ರಂದು ಅವರು ತೀರಿಕೊಂಡಿದ್ದರು.

ಪಾಲಕ್ಕಾಡ್ ಸೀಮೆಯಲ್ಲಿ 1845ರಲ್ಲಿ ಹುಟ್ಟಿದ ಅಯ್ಯರ್, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದವರು. 1868ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ರಂಗಾಚಾರ್ಲು ನಿಧನದ ನಂತರ 1883ರಲ್ಲಿ ದಿವಾನರಾದರು. ಸುಮಾರು 18 ವರ್ಷ ಆ ಹುದ್ದೆಯಲ್ಲಿದ್ದರು.

ಅಮೆರಿಕದ ನಯಾಗರಾ ವಿದ್ಯುತ್ ಹತ್ತಿರದ ಬಫಲೋ ನಗರ ತಲುಪಿದ್ದೇ 1896ರಲ್ಲಿ. ಮೈಸೂರಿನ ಯೋಜನೆಯಲ್ಲಿ ತಂತಿ ಎಳೆಯಬೇಕಿದ್ದ ದೂರ ಸುಮಾರು 147 ಕಿ.ಮೀ. ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೆರ್ ಯೋಜನೆ ರೂಪಿಸಿದರು, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಯಂತ್ರಗಳನ್ನು ಒದಗಿಸಿತು.

ಸಂಸ್ಥಾನದ ಹಣ ಮುಳುಗಿದರೆ ಗತಿಯೇನು? ಅಯ್ಯರ್ ಅವರ ಜಾಣ್ಮೆ ಕಂಡಿದ್ದು ಇಲ್ಲೇ. ವಿದ್ಯುತ್ ಹುಟ್ಟುವ ಮೊದಲೇ ಕೊಳ್ಳುವವರು ಗೊತ್ತಾಗಿದ್ದರು. ಉಗಿ ಯಂತ್ರಗಳಿಗೆ ಇಂಧನ ಸುರಿಯುತ್ತಿದ್ದ ಗಣಿ ಕಂಪನಿಗಳೊಂದಿಗೆ ಒಪ್ಪಂದ ಆಗಿತ್ತು. ಹೀಗಾಗಿ ಯೋಜನೆ ಸಂಸ್ಥಾನಕ್ಕೆ ಹೊರೆಯಾಗದೆ ಆದಾಯದ ಮೂಲವಾಯಿತು.

ಆರೋಗ್ಯ ಕೈಕೊಟ್ಟು 1901ರ ಮಾರ್ಚ್‌ನಲ್ಲಿ ಅವರು ಅಧಿಕಾರ ಬಿಟ್ಟರು. ಕಾಮಗಾರಿ ಆಗಿನ್ನೂ ಮುಗಿದಿರಲಿಲ್ಲ.

ಅದೇ ಕಾವೇರಿ ವಿದ್ಯುತ್ 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ದೇಶದಲ್ಲಿ ದೊಡ್ಡ ಪ್ರಮಾಣದ ಜಲವಿದ್ಯುತ್‌ಗೆ ದಾರಿ ತೋರಿದ ಶಿವನಸಮುದ್ರದ ಕೇಂದ್ರಕ್ಕೆ ಇಂದು ಅವರದೇ ಹೆಸರು. ಬೆಂಗಳೂರಿನ ಶೇಷಾದ್ರಿಪುರವೂ ಅವರನ್ನು ನೆನಪಿಸುತ್ತದೆ. ಕಬ್ಬನ್ ಪಾರ್ಕ್‌ನಲ್ಲಿ ಅವರ ಪ್ರತಿಮೆ ಇದೆ. ಸಂಜೆಯಾದರೆ ಅದರ ಸುತ್ತ ದೀಪಗಳು ಹೊತ್ತಿಕೊಳ್ಳುತ್ತವೆ.